ಬಿಸ್ಕೀಟು ಮುಟ್ಟದ ಜೈಲರನ ಮೊಮ್ಮಗ

ಬಿಸ್ಕೀಟಿನ ಮೇಲೆ ಹಗೆ ಸಾಧಿಸುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವೇ? ಹಾಗಿದ್ದರೆ ಅಮೆರಿಕದ ಇಸ್ಸಾಕ್ವಾ ಊರಿನ ನಮ್ಮ ಮಗಳ ಮನೆಗೆ ಬನ್ನಿ. ನಾನು ಕಟ್ಟಿಕೊಂಡವರೇ ಅವರು! (ಫೋನಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತಿದ್ದೇನೆ. ಇವರು ಪಕ್ಕದಲ್ಲೇ ಕೂತಿದ್ದಾರೆ. ಇವರ ಕನ್ನಡಕ ಮಾತ್ರ ನನ್ನ ಸೆರಗಿನಡಿ ಇದೆ.)

ತಪ್ಪು ಬಿಸ್ಕೀಟಿನದಲ್ಲ, ಬ್ರಿಟಿಷರದು. ಇವರ ಅಜ್ಜ ಬೆಳಗಾವಿ ಕಡೆ ಜೈಲರ್ ಆಗಿದ್ದರು. ನಸುಕಿನಲ್ಲಿ ಕೈದಿಗಳ ತಲೆ ಎಣಿಸುವವರು ಅಜ್ಜ, ಬೀಗ ಜಗ್ಗಿ ನೋಡುವವರೂ ಅಜ್ಜ. ಬಿಸಿಲೇರಿದ ಮೇಲೆ ಕುದುರೆಯೇರಿ ಬಂದು ಸಹಿ ಹಾಕುವ ಬಿಳಿ ಸೂಪರಿಂಟೆಂಡೆಂಟನಿಗೆ ಅಜ್ಜನ ಹತ್ತಾರು ಪಟ್ಟು ಪಗಾರ! ಸಾಹೇಬ ರಜೆಯ ಮೇಲೆ ವಿಲಾಯತಿಗೆ ಹೋದಾಗ ಅವನ ಕೆಲಸವನ್ನೂ ಅಜ್ಜನೇ ಮಾಡಿದರು, ಹಳೆಯ ಪಗಾರಕ್ಕೇ. ತಿರುಗಿ ಬಂದ ಸಾಹೇಬ ಮೆಚ್ಚಿ ಕೊಟ್ಟದ್ದೇನು ಗೊತ್ತೇ? ಒಂದು ಡಬ್ಬಿ ಬಿಸ್ಕೀಟು! ಅಜ್ಜ ಅದನ್ನು ಸಾಹೇಬನ ಕುದುರೆಗೇ ತಿನ್ನಿಸಿದರಂತೆ. ಇವರಂತೂ ಹುಟ್ಟುವ ಮೊದಲೇ ಬಿಸ್ಕೀಟು ಬಿಟ್ಟವರು!

ಸಿಟ್ಟು ಅಲ್ಲಿಗೇ ನಿಂತಿತೇ? ಹತ್ತಿರದ ಊರು ಕರ್ಕ್‌ಲ್ಯಾಂಡಿನ ಗೃಹಪ್ರವೇಶವೊಂದರಲ್ಲಿ ಒಂದೇ ಆಫೀಸಿನ ಇಬ್ಬರನ್ನು ಹಿಡಿದು, "ಇಬ್ಬರದೂ ಒಂದಾ ಕೆಲ್ಸ ಅಂತೀರಿ. ಪಗಾರ ಎಷ್ಟೆಷ್ಟ್ರಪಾ?" ಎಂದುಬಿಟ್ಟರು. ಅಮೆರಿಕದಲ್ಲಿ ಇದನ್ನು ಕೇಳುವುದುಂಟೇ! ಒಬ್ಬ ಹೇಳಿಬಿಟ್ಟ. ಇನ್ನೊಬ್ಬ ಹೋಳಿಗೆ ಅರ್ಧಕ್ಕೇ ಬಿಟ್ಟು ಕಾರಿನ ಕೀ ಹುಡುಕಿದ.

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರ ಸ್ಯಾಲರಿನೂ ಕೇಳಬ್ಯಾಡ್ರಿ!" ಎಂದು ಮಗಳು ದಾರಿಯುದ್ದಕ್ಕೂ ಗದರಿದಳು.

ಮೊನ್ನೆ ಅದೇ ಮಗಳು ಆಫೀಸಿನಿಂದ ಒಂದು ಡಬ್ಬಿ ತಂದಳು. ಅವಳ ಮ್ಯಾನೇಜರ್ ತಿಂಗಳುಗಟ್ಟಲೆ ರಜೆಯಲ್ಲಿದ್ದ; ಅವನ ಕೆಲಸವನ್ನೂ ಇವಳೇ ಎಳೆದಿದ್ದಳು. "ಥ್ಯಾಂಕ್ಸ್ ಅಂತ ಕೊಟ್ರು," ಎಂದು ಮುಚ್ಚಳ ತೆಗೆದರೆ, ಬಿಸ್ಕೀಟು!

ಇನ್ನು ಕೂಗಾಡುತ್ತಾರೆಂದು ನಾನು ಕಿವಿ ಮುಚ್ಚಿಕೊಂಡೆ. ಇವರು ಮೆಲ್ಲಗೆ ಕೇಳಿದರು: "ಪಗಾರ ಹೆಚ್ಚು ಮಾಡಿದ್ರೇನವಾ?"

"ಇಲ್ಲಪ್ಪಾ. ಕೇಳಲಿಕ್ಕೆ ಒಂಥರಾ ಅನಸ್ತದ."

"ನಮ್ಮಜ್ಜ ಕೇಳಿದ್ರ ನೌಕರಿನಾ ಹೋಗ್ತಿತ್ತು. ನೀ ಯಾಕ ಕೇಳಬಾರದು?"

ಮರುದಿನ ಮಗಳು ಪಗಾರ ಕೇಳಿಯೇ ಬರುತ್ತೇನೆಂದು, ವಾಪಸು ಕೊಡಲು ಆ ಡಬ್ಬಿಯನ್ನೂ ಕಾರಿನಲ್ಲಿಟ್ಟುಕೊಂಡು ಹೋದಳು. ಇವರು ಊಟ ಬಿಟ್ಟು ಕಿಟಕಿಗೆ ಅಂಟಿಕೊಂಡರು. "ಆಕಿ ಕೆಲ್ಸಕ್ಕ ಏನರ ಆದ್ರ? ನಾ ಸುಮ್ನಿರಬೇಕಾಗಿತ್ತೇನ?" ಇಷ್ಟು ವರ್ಷದ ಸಂಸಾರದಲ್ಲಿ ಇವರಿಗೆ ಈ ಅನುಮಾನ ಬಂದದ್ದು ಇದೇ ಮೊದಲು!

ಸಂಜೆ ಮಗಳು ಬಾಗಿಲಲ್ಲೇ ಕೂಗಿದಳು: "ಅಪ್ಪಾ, ಪಗಾರ ಹೆಚ್ಚು ಮಾಡಿದ್ರು! ಹಿಂದಿನ ತಿಂಗಳುಗಳದ್ದೂ ಸೇರಿಸಿ!" ಬರುವಾಗ ತಾನೇ ಕೊಂಡು ತಂದ ಬಿಸ್ಕೀಟಿನ ಪುಡಿಕೆಯನ್ನು ಅಪ್ಪನ ಮುಂದೆ ಹಿಡಿದಳು.

ಇವರು ಒಂದನ್ನು ತೆಗೆದು ಚಹಾದಲ್ಲಿ ಅದ್ದಿದರು. ಎಷ್ಟು ಹೊತ್ತು ಅದ್ದಬೇಕೆಂದು ಪಾಪ, ಏನು ಗೊತ್ತು? ಅರ್ಧ ಮುರಿದು ಕಪ್ಪಿನೊಳಗೇ ಮುಳುಗಿತು. ಉಳಿದರ್ಧವನ್ನು ಕಣ್ಣುಮುಚ್ಚಿ ನಿಧಾನವಾಗಿ ತಿಂದರು.

ನಾನು ಬಿಡುತ್ತೇನೆಯೇ? "ಏನ್ರೀ, ಅಜ್ಜನ ವ್ರತ ಮುರೀತಲ್ಲ!"

"ಸುಮ್ಮನಿರ! ಅದು ಬಕ್ಷೀಸಿಂದು. ಇದು ಪಗಾರದ್ದು."