ಲಾಟ್ವಿಯಾದ ಬೀಗತಿ, ದಾವಣಗೆರೆಯ ಮಿಕ್ಸಿ

"ಡಿಕ್ಷನರಿ ಬರೀ ಸುಳ್ಳು ಹೇಳುತ್ತೆ ಮಂಗಳಾ. ಮಾತಾಡಿದ ಮೇಲೆ ಜನ ಏನು ಮಾಡ್ತಾರೋ ಅದೇ ಮಾತಿನ ಅರ್ಥ" ಎಂದು ಮುರುಗೇಂದ್ರಪ್ಪನವರು ಹಳೇ ಮಿಕ್ಸಿಯ ನೆತ್ತಿಯನ್ನು ಹೆಮ್ಮೆಯಿಂದ ತಟ್ಟಿದರು. ಅದಕ್ಕೀಗ ಅವರೇ ಜೋಡಿಸಿದ ಒಂದು ಕ್ಯಾಮೆರಾ ಕಣ್ಣು, ಒಂದು ಸ್ಪೀಕರ್ ಬಾಯಿ ಬಂದಿತ್ತು. ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಸಾಕು, ಲಾಟ್ವಿಯನ್ ಭಾಷೆಯಲ್ಲಿ ಅರ್ಥ ಹೇಳುತ್ತಿತ್ತು. ಯುಗಾದಿಯಿಂದ ಫ್ರಿಜ್ಜಿನ ಮೇಲೆ ಕುಳಿತು ಈ ಮನೆಯವರನ್ನು ನೋಡಿಯೇ ಅದು ಇಂಗ್ಲಿಷ್ ಕಲಿತಿತ್ತು.

ಸರ್ವಮಂಗಳಮ್ಮನವರಿಗೆ ಮಿಕ್ಸಿಯ ಮೇಲೆ ನಂಬಿಕೆ ಇರಲಿಲ್ಲ. ರೀಗಾದಲ್ಲಿ ಡಾಕ್ಟರಿಕೆ ಓದಿದ ಮಗಳು ವಚನಾ ಅಲ್ಲಿಯ ಹುಡುಗನನ್ನು ಮೆಚ್ಚಿದ್ದಳು. ಅವನ ತಾಯಿ ಇಲ್ಜೆ ಮನೆತನ ನೋಡಲು ಬಂದಿದ್ದರು. ಅವರು ಬೇಡ ಅಂದರೆ ಮದುವೆ ಇಲ್ಲ.

"ರೀ, ಮಗಳಿಗೇ ಅವರ ಭಾಷೆ ಬರುತ್ತಲ್ರೀ. ಇದ್ಯಾಕೆ?"

"ಮಗಳಿಗೆ ಯಾಕೆ ತೊಂದರೆ ಅಂತ" ಎಂದರು ಮುರುಗೇಂದ್ರಪ್ಪ.

ಮೊದಲ ಎಡವಟ್ಟು ಊಟದಲ್ಲೇ ಆಯಿತು. ನಾಲ್ಕನೇ ಹೋಳಿಗೆ ಬಡಿಸುತ್ತಾ ಸರ್ವಮಂಗಳಮ್ಮ ಒಂದು ಬೆರಳೆತ್ತಿ "ಲಾಸ್ಟ್" ಎಂದರು. ಮಿಕ್ಸಿ ಏನೋ ಒದರಿತು. ಇಲ್ಜೆ ಗಾಬರಿಯಾಗಿ ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡರು.

"ಏನಂತೆ ಅದು?"

"ಇನ್ನೂ ಮೂರು ಬೀಳ್ತವೆ, ಹುಷಾರು ಅಂತಮ್ಮ" ಎಂದಳು ವಚನಾ.

ಅಷ್ಟರಲ್ಲಿ ಅಭ್ಯಾಸಬಲದಿಂದ ಐದನೆಯ ಹೋಳಿಗೆ ಬೀಗತಿಯ ಕೈಮೇಲೆಯೇ ಬಿದ್ದಿತ್ತು. ತುಪ್ಪದ ಸಮೇತ.

ಸಂಜೆ ಪೇಟೆಗೆ ಹೊರಡಬೇಕು. ಸರ್ವಮಂಗಳಮ್ಮ ಕೋಣೆಯಿಂದಲೇ "ಫೈವ್ ಮಿನಿಟ್ಸ್" ಎಂದು ಕೂಗಿದರು. ಮಿಕ್ಸಿಯ ಮಾತು ಕೇಳಿ ಇಲ್ಜೆ ಚಪ್ಪಲಿ ಬಿಚ್ಚಿ, ಸೋಫಾದ ಮೇಲೆ ಕಾಲು ಚಾಚಿ ನಿದ್ದೆ ಹೋದರು. ಸರ್ವಮಂಗಳಮ್ಮ ಮೂರು ಸೀರೆ ಬದಲಾಯಿಸಿ ಹೊರಬರುವಷ್ಟರಲ್ಲಿ ಒಂದು ಒಳ್ಳೆಯ ನಿದ್ದೆ ಮುಗಿದಿತ್ತು.

"ನೋಡಿದ್ಯಾ, ಎಷ್ಟು ಕರೆಕ್ಟು!" ಎಂದು ಗಂಡ ಹಿಗ್ಗಿದರು. ಹೆಂಡತಿ ಹಲ್ಲು ಕಡಿದರು.

ಮರುದಿನ ಕಾಫಿಯ ಹೊತ್ತಿಗೆ ಮದುವೆಯ ಮಾತು ಬಂತು. ಬೀಗತಿಗೆ ಹೆದರಿಕೆಯಾಗಬಾರದೆಂದು ಸರ್ವಮಂಗಳಮ್ಮ ನಗುತ್ತಾ "ವೆರಿ ಸಿಂಪಲ್ ಮ್ಯಾರೇಜ್" ಎಂದರು. ಮಿಕ್ಸಿ ಬಾಯಿ ತೆರೆದದ್ದೇ ತಡ, ಇಲ್ಜೆಯ ಮುಖ ಬಿಳಿಚಿತು. ಕಪ್ಪು ಕೆಳಗಿಟ್ಟು ಗೋಡೆ ನೋಡುತ್ತಾ ಕುಳಿತರು.

"ಊರಿಗೆ ಊರೇ ಬರುತ್ತೆ ಅಂದುಬಿಡ್ತಮ್ಮ. ಅವರ ಮದುವೇಲಿ ಇದ್ದವರೇ ಮೂವತ್ತು ಜನ" ಎಂದು ವಚನಾ ಅಳುಮುಖ ಮಾಡಿದಳು.

"ರೀ, ಆ ದರಿದ್ರದ ಬಾಯಿ ಮುಚ್ಚಿಸ್ರಿ. ನನ್ನ ಮಗಳ ಬಾಳು ಹಾಳಾಗ್ತೈತೆ" ಎಂದರು ಸರ್ವಮಂಗಳಮ್ಮ.

ಮುರುಗೇಂದ್ರಪ್ಪ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿ ಒಳಗೆ ತಿವಿದರು. ಸುಟ್ಟ ವಾಸನೆ ಬಂತು. "ನೋ ಪ್ರಾಬ್ಲಂ, ನೋ ಪ್ರಾಬ್ಲಂ" ಎಂದರು.

ಮಿಕ್ಸಿ ಕಿರುಚಿಕೊಂಡಿತು: "ಬೇದ್ಜಿಯೆತ್!"

ಓಡಿ ಎಂದರ್ಥ. ಈ ಮನೆಯಲ್ಲಿ ಮುರುಗೇಂದ್ರಪ್ಪ "ನೋ ಪ್ರಾಬ್ಲಂ" ಅಂದಾಗಲೆಲ್ಲ ಎಲ್ಲರೂ ಓಡುವುದನ್ನು ಅದು ಕಂಡಿತ್ತು. ಇಲ್ಜೆ ಸರ್ವಮಂಗಳಮ್ಮನ ರಟ್ಟೆ ಹಿಡಿದು, ಬರಿಗಾಲಲ್ಲೇ ಬೀದಿಗೆ ಎಳೆದೊಯ್ದರು. ವಚನಾ ಹಿಂದೆಯೇ ಓಡಿದಳು. ಒಳಗೆ ಢಮ್ ಎಂದಿತು. ಹೊಗೆಯ ನಡುವಿನಿಂದ ಮುರುಗೇಂದ್ರಪ್ಪ ಕೈಯಲ್ಲಿ ಸ್ಪೀಕರ್ ಒಂದನ್ನೇ ಹಿಡಿದು, ಮಸಿ ಮೆತ್ತಿದ ಮುಖದಲ್ಲಿ ಹೊರಬಂದರು.

ಬೀಗತಿಯರಿಬ್ಬರೂ ಸೊಂಟಕ್ಕೆ ಕೈಕೊಟ್ಟು ನಿಂತು ಬೈದರು. ಒಬ್ಬರದು ಕನ್ನಡ, ಇನ್ನೊಬ್ಬರದು ಲಾಟ್ವಿಯನ್. ರಾಗ ಮಾತ್ರ ಒಂದೇ.

"ಅವರ ಯಜಮಾನರೂ ಹಿಂಗೇ ಅಂತಮ್ಮ. ಹಬೆಸ್ನಾನದ ಮನೆಯನ್ನ ಎರಡು ಸಲ ಸುಟ್ಟಿದಾರಂತೆ" ಎಂದು ವಚನಾ ನಕ್ಕಳು. "ಇಂಥವರನ್ನ ಸಂಭಾಳಿಸಿದ ತಾಯಿಯ ಮಗಳು ನನ್ನ ಸೊಸೆ ಆಗಬೇಕು ಅಂತಿದಾರೆ."

ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು ಬೀಗತಿಯನ್ನು ಅಪ್ಪಿಕೊಂಡರು. ಸಂತೋಷದಲ್ಲಿ ಮತ್ತೆ ಬಾಯಿ ತಪ್ಪಿ "ಸಿಂಪಲ್" ಎಂದರು.

ಇಲ್ಜೆ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ವಚನಾಳ ಕಿವಿಯಲ್ಲಿ ಏನೋ ಕೇಳಿದರು.

"ಕುರ್ಚಿ ಬಾಡಿಗೆಗೆ ಸಿಗುತ್ತಾ, ಇಲ್ಲಾ ರೀಗಾದಿಂದ ತರಬೇಕಾ ಅಂತಿದಾರಮ್ಮ."