ಮುನ್ನೂರ ಹನ್ನೆರಡರ ಬೀಗದಕೈ

ಗಿರಣಿಯ ಗೊರಕೆ ಇಲ್ಲದಿದ್ದರೆ ಅವಸರಪ್ಪ ಸ್ವಯಂಸೇವಕರ ಆ ಹಳದಿ ಟೀ ಶರ್ಟನ್ನು ಮೈಮೇಲೆ ಹಾಕಿಕೊಳ್ಳುತ್ತಲೇ ಇರಲಿಲ್ಲ.

ಗಿರಣಿ ಎಂದರೆ ಅವನ ರೂಮ್‌ಮೇಟು. ದಿಂಬಿಗೆ ತಲೆ ತಾಗಿದ ಐದೇ ನಿಮಿಷಕ್ಕೆ ಹಿಟ್ಟು ಬೀಸಲು ಶುರುಮಾಡುತ್ತಿದ್ದುದರಿಂದ ವಿಶ್ವವಿದ್ಯಾಲಯದ ಹಾಸ್ಟೆಲ್ಲು ಒಕ್ಕೊರಲಿನಿಂದ ಇಟ್ಟ ಹೆಸರು ಅದು. ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದೆ ಕೆಲಸಕ್ಕೆ ಕೈಹಾಕುವ ನಮ್ಮವನಿಗೆ ಅವಸರಪ್ಪ ಎಂದು ಹೆಸರಿಟ್ಟದ್ದೂ ಅದೇ ಹಾಸ್ಟೆಲ್ಲು. ಎರಡು ವರ್ಷ ರಾತ್ರಿಯ ನಿದ್ದೆಯನ್ನೆಲ್ಲ ಅವನು ತರಗತಿಯಲ್ಲೇ ತೀರಿಸಿಕೊಂಡಿದ್ದ. ಮೇಷ್ಟರುಗಳಿಗೂ ಅದು ಸಾಕಾಗಿತ್ತು.

ಹಿಂದಿನ ದಿನ ವಾರ್ಡನ್ ಅವನನ್ನು ಕರೆದು ಹೇಳಿದ್ದರು: "ನಾಳೆ ಹೊಸಬರು ಬರ್ತಾರೆ. ಸ್ವಯಂಸೇವಕನಾಗಿ ಗೇಟಲ್ಲಿ ನಿಂತ್ಕೋ. ಬಂದವರು ಒಂದು ಚೀಲ ಎತ್ತಬಾರ್ದು, ಒಂದು ದೂರು ಬರಬಾರ್ದು. ಹಾಗೆ ನಡೆದರೆ ಸಂಜೆ ಮುನ್ನೂರ ಹನ್ನೆರಡರ ಬೀಗದಕೈ ನಿಂದು."

ಮುನ್ನೂರ ಹನ್ನೆರಡು! ಮೂರನೇ ಮಹಡಿಯ ಮೂಲೆಯ ಒಂಟಿ ರೂಮು. ಹಗಲೆಲ್ಲ ಬೀಗ ಹಾಕಿಯೇ ಇರುತ್ತಿದ್ದ ಆ ಬಾಗಿಲ ಮುಂದೆ ಅವಸರಪ್ಪ ಎಷ್ಟೋ ಸಲ ಸುಮ್ಮನೆ ನಿಂತು ಬಂದಿದ್ದ.

ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ಹಾಜರಾದ. ಯಾವ ಗಾಡಿ ನಿಂತರೂ ಮೈಮೇಲೆ ಬಿದ್ದು ಸಾಮಾನು ಇಳಿಸಿದ. ಹನ್ನೊಂದರ ಹೊತ್ತಿಗೆ ಕೈಚೀಲ ಹಿಡಿದು ಬಂದ ಒಬ್ಬ ನಡುವಯಸ್ಕನನ್ನು ಬಾಯಿ ತೆರೆಯಲು ಬಿಡದೆ ಎರಡನೇ ಮಹಡಿಗೆ ಕರೆದೊಯ್ದು, ಮಂಚದ ಮೇಲೆ ಕೂರಿಸಿ, ಮನೆಯ ನೆನಪಾದರೆ ಅಳಬಾರದೆಂದು ಧೈರ್ಯವನ್ನೂ ಹೇಳಿದ. ಆತ ಕೆಳಗಿನ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್.

"ನಂಗೆ ಮೂರು ಮಕ್ಕಳಿದಾರೆ ಕಣಪ್ಪಾ," ಎಂದ ಆತ. ದೂರು ಕೊಡಬೇಡಿ ಎಂದು ಅವಸರಪ್ಪ ಅವನ ಕೈಹಿಡಿದು ಬೇಡಿಕೊಳ್ಳಬೇಕಾಯಿತು.

ಮೂರೂವರೆಗೆ ಗೇಟಿನ ಬಳಿ ಒಂದು ಕಾರು ಕಂಡಿತು. ಪಕ್ಕದಲ್ಲಿ ಟ್ರಂಕು, ಹಾಸಿಗೆ ಸುರುಳಿ, ಪುಸ್ತಕದ ಪೆಟ್ಟಿಗೆಗಳು. ಅವುಗಳಿಗೆ ಕಾವಲೆಂಬಂತೆ ಒಬ್ಬ ತಾಯಿ.

"ಬನ್ನಿ ಅಮ್ಮಾ, ಸ್ವಾಗತ! ನೀವು ಮುಟ್ಟಬೇಡಿ, ನಾನಿದೀನಿ!" ಎಂದು ಟ್ರಂಕಿಗೆ ಕೈಹಾಕಿದವನು ಅಲ್ಲೇ ತಣ್ಣಗಾದ. ಟ್ರಂಕಿನ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಮುನ್ನೂರ ಹನ್ನೆರಡು ಎಂದು ಬರೆದಿತ್ತು.

"ಈ... ಈ ರೂಮು ನಿಮಗೆ ಯಾರು ಕೊಟ್ರಮ್ಮಾ?"

"ಇನ್ಯಾರಪ್ಪಾ, ವಾರ್ಡನ್ನೇ. ಬೀಗದಕೈ ವಿಷಯಕ್ಕೇ ಮಗ ಆಫೀಸಿಗೆ ಹೋಗಿದಾನೆ."

ಕೈಗೆ ಬಂದ ತುತ್ತನ್ನು ಯಾವನೋ ಶಿಫಾರಸಿನವನು ಕಸಿಯುತ್ತಿದ್ದಾನೆ! ಅವಸರಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಮ್ಮಮ್ಮನ ಹಾಗಿದೀರಿ, ಅದಕ್ಕೇ ಹೇಳ್ತೀನಿ. ಆ ರೂಮಿನ ಗೋಡೆ ಪೂರ್ತಿ ತೇವ. ಬೆಳಿಗ್ಗೆ ಎದ್ದು ಹೊದಿಕೆ ಹಿಂಡಬೇಕು."

"ಅಯ್ಯೋ! ಅದಕ್ಕೇ ಇವನಿಗೆ ಆ ಕೆಮ್ಮು!"

ಹುಡುಗನಿಗೆ ಕೆಮ್ಮು ಬೇರೆ ಇದೆಯೇ? ಅವಸರಪ್ಪನಿಗೆ ಹುರುಪು ಬಂತು. "ಸ್ವಿಚ್ಚು ಮುಟ್ಟಿದ್ರೆ ಶಾಕ್ ಹೊಡೆಯತ್ತೆ. ಮಲಗಿದ್ರೆ ಚಾವಣಿಯಿಂದ ಗಾರೆ ಉದುರಿ ಬಾಯೊಳಗೇ ಬೀಳತ್ತೆ. ನಾನಾಗಿದ್ರೆ ಶತ್ರುವಿಗೂ ಆ ರೂಮು ಕೊಡ್ತಿರಲಿಲ್ಲ."

"ನನ್ನ ಮಗ ಒಂದು ಮಾತು ಬಾಯಿಬಿಡಲಿಲ್ಲವಲ್ಲ!" ತಾಯಿ ಸೆರಗು ಬಿಗಿದು ಆಫೀಸಿನ ಕಡೆ ದಾಪುಗಾಲು ಹಾಕಿದರು. ಬಾಣ ನಾಟಿತೆಂದು ಹಿಗ್ಗುತ್ತ ಅವಸರಪ್ಪ ಹಿಂದೆಯೇ ಓಡಿದ.

ಆಫೀಸಿನಲ್ಲಿ ವಾರ್ಡನ್ ಎದುರು ಮೂವತ್ತರ ಆಸುಪಾಸಿನ, ಅರ್ಧ ತಲೆ ಬೋಳಾದ ಒಬ್ಬ ನಿಂತಿದ್ದ. ಮೇಜಿನ ಮೇಲೆ ಬೀಗದಕೈ ಹೊಳೆಯುತ್ತಿತ್ತು.

"ಬಾರೋ ಅವಸರಪ್ಪಾ! ಸರಿಯಾದ ಹೊತ್ತಿಗೆ ಬಂದೆ," ಎಂದರು ವಾರ್ಡನ್. "ಇವರ ಸಂಶೋಧನೆ ಮುಗೀತು, ರೂಮು ಖಾಲಿ ಮಾಡಿ ಹೊರಟಿದಾರೆ. ತಗೋ ನಿನ್ನ..."

ತಾಯಿಯ ಅಂಗೈ ಬೀಗದಕೈ ಮೇಲೆ ಧೊಪ್ಪೆಂದು ಬಿತ್ತು. "ನಾಲ್ಕು ವರ್ಷ ನನ್ನ ಮಗನ್ನ ಆ ಕೂಪದಲ್ಲಿ ಕೊಳೆ ಹಾಕಿದ್ದು ಸಾಲದಾ? ಈಗ ಈ ಹುಡುಗನ್ನೂ ತಳ್ತೀರಾ?"

"ಅಮ್ಮಾ, ರೂಮು ಚೆನ್ನಾಗೇ ಇತ್ತಮ್ಮಾ," ಎಂದ ಮಗ.

"ನೀನು ಸುಮ್ನಿರು! ಹೋಗಿ ಕನ್ನಡೀಲಿ ತಲೆ ನೋಡ್ಕೋ!" ತೇವ, ಶಾಕ್, ಗಾರೆ ಎಲ್ಲವನ್ನೂ ಆಕೆ ಒಂದೇ ಉಸಿರಿನಲ್ಲಿ ಒಪ್ಪಿಸಿದರು. "ಇದನ್ನ ಕುಲಪತಿಗಳ ಹತ್ರಾನೇ ಕೇಳ್ತೀನಿ. ಇದೇ ಹುಡುಗ ಸಾಕ್ಷಿ!"

ವಾರ್ಡನ್ ಮುಖ ಬಿಳಿಚಿತು. "ಏನೋ, ಇದೆಲ್ಲ ನಿಜಾನಾ?"

ಸುಳ್ಳು ಎಂದರೆ ಹಾಸ್ಟೆಲ್ಲಿನಿಂದಲೇ ಗಡೀಪಾರು. ನಿಜ ಎಂದರೆ ರೂಮು ಹೋಯಿತು. ಜೀವಮಾನದಲ್ಲಿ ಮೊದಲ ಸಲ ಅವಸರಪ್ಪ ನಿಧಾನವಾಗಿ ಯೋಚಿಸಿದ. ಯೋಚಿಸಿ, ತಲೆಯಾಡಿಸಿದ.

"ನಿಜ ಸಾರ್."

ವಾರ್ಡನ್ ಬೀಗದಕೈಯನ್ನು ಡ್ರಾಯರಿಗೆ ಹಾಕಿದರು. "ರಿಪೇರಿ ಆಗೋ ತನಕ ಮುನ್ನೂರ ಹನ್ನೆರಡು ಯಾರಿಗೂ ಇಲ್ಲ." ಆ ಹಾಸ್ಟೆಲ್ಲಿನಲ್ಲಿ ಒಂದು ನಲ್ಲಿ ರಿಪೇರಿಗೇ ಒಂದೂವರೆ ವರ್ಷ ಹಿಡಿದಿತ್ತು.

"ಒಳ್ಳೇ ಹುಡುಗ. ಸತ್ಯ ಹೇಳೋಕೆ ಹೆದರಲಿಲ್ಲ," ಎಂದು ತಾಯಿ ಅವನ ತಲೆ ಸವರಿ ಕಾರು ಹತ್ತಿದರು.

"ಸಾರ್, ಹಾಗಾದ್ರೆ ನಾನು ಹಳೇ ರೂಮಲ್ಲೇ..."

"ಅಲ್ಲಿ ನಿನ್ನ ಮಂಚ ಒಬ್ಬ ಹೊಸ ಹುಡುಗನಿಗೆ ಬರೆದಾಯ್ತಲ್ಲೋ. ಸದ್ಯಕ್ಕೆ ಇಬ್ಬರ ಮಧ್ಯೆ ನೆಲದ ಮೇಲೆ ಹಾಸ್ಕೋ."

ಅವಸರಪ್ಪ ಕಾಲೆಳೆಯುತ್ತ ಮೆಟ್ಟಿಲು ಹತ್ತಿದ. ರೂಮಿನಲ್ಲಿ ಅವನ ಮಂಚಕ್ಕೆ ಹೊಸ ಚಾದರ ಬಿದ್ದಿತ್ತು. ಅದರ ಮೇಲೆ ಗಟ್ಟಿಮುಟ್ಟಾದ ಹುಡುಗನೊಬ್ಬ ಕೂತಿದ್ದ. ಹಳದಿ ಟೀ ಶರ್ಟು ಕಂಡದ್ದೇ ಹುಡುಗನ ತಂದೆ ಅವನನ್ನು ಬಾಗಿಲಾಚೆ ಕರೆದು ಪಿಸುಗುಟ್ಟಿದರು.

"ನೀವು ಸ್ವಯಂಸೇವಕರು ಅಲ್ವೇ? ಒಂದು ಮಾತು ಕಿವೀಲಿರಲಿ. ನಮ್ಮವನಿಗೆ ನಿದ್ದೇಲಿ ಎದ್ದು ಓಡಾಡೋ ಅಭ್ಯಾಸ. ಪಾಪ, ಯಾರಿಗೂ ತೊಂದರೆ ಕೊಡೋನಲ್ಲ. ನೆಲದ ಮೇಲೆ ಯಾರಾದ್ರೂ ಮಲಗಿದ್ರೆ ಮಾತ್ರ ತುಳಿದುಬಿಡ್ತಾನೆ."