ಗೊರಕೆ ನಿಂತ ಮಧ್ಯಾಹ್ನ

ಕೆಲವರಿಗೆ ತಮ್ಮ ಕೂದಲಿನ ಬಗ್ಗೆ ಜಂಬ, ಕೆಲವರಿಗೆ ಅಳಿಯನ ನೌಕರಿಯ ಬಗ್ಗೆ. ನನಗೆ ನನ್ನ ನಿದ್ದೆಯ ಬಗ್ಗೆ. ದಿಂಬಿಗೆ ತಲೆ ಕೊಟ್ಟರೆ ಸಾಕು, ಪಕ್ಕದಲ್ಲಿ ಬ್ಯಾಂಡ್ ಬಾರಿಸಿದರೂ ಏಳುವವಳಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ನಿದ್ದೆ ಬರುವುದಿಲ್ಲವೆಂದು ಗೋಳಾಡಿದರೆ ಸಿರಿವಂತರ ಮನೆಯವಳ ಹಾಗೆ ಅವರತ್ತ ಮರುಕದಿಂದ ನೋಡುತ್ತಿದ್ದೆ. ನೋಡುತ್ತ ನೋಡುತ್ತಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ ಎಂಬುದು ಬೇರೆ ಮಾತು. ರಾತ್ರಿಯ ನಿದ್ದೆ ಧಾರಾಳವಾಗಿರುವುದರಿಂದ ಹಗಲಿಗೂ ಒಂದಿಷ್ಟು ಉಳಿಯುತ್ತದೆ ಎಂದೇ ನಂಬಿದ್ದೆ.

ನಾವಿರುವುದು ಕುಷ್ಟಗಿಯಲ್ಲಿ. ನನ್ನ ಶಾಲೆ ತಾವರಗೇರಾ ದಾರಿಯ ಒಂದು ಹಳ್ಳಿಯಲ್ಲಿ. ಮೊದಲು ಟಂಟಂ ಆಟೋದಲ್ಲಿ ಮೂಟೆಗಳ ನಡುವೆ ನಾನೂ ಒಂದು ಮೂಟೆಯಾಗಿ ಹೋಗುತ್ತಿದ್ದೆ. ನಡುವಯಸ್ಸಿನಲ್ಲಿ ಬಿದ್ದು ಎದ್ದು ಸ್ಕೂಟಿ ಕಲಿತ ಮೇಲೆ ನನ್ನ ಗತ್ತೇ ಬದಲಾಯಿತು. ನನ್ನ ಒಡವೆಗಳನ್ನೆಲ್ಲ ಕೇಳಿದರೂ ಕೊಟ್ಟೇನು, ಗಾಡಿಯ ಕೀಲಿ ಮಾತ್ರ ಕೊಡಲಾರೆ. ನಮ್ಮ ಮನೆಯವರದು ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಮಾತು ಕಡಿಮೆ. ಇಡೀ ದಿನ ಮೋಟರುಗಳ ಸದ್ದು ಕೇಳಿ ಕೇಳಿ ಮನುಷ್ಯರ ಸದ್ದಿನ ಮೇಲೆ ಆಸೆ ಹೋಗಿರಬೇಕು.

ಹೀಗಿರುವಾಗ ಹನುಮಸಾಗರದಲ್ಲಿ ನಂಟರ ಮನೆಯ ಮದುವೆ ಬಂತು. ಗೋಧಿ ಹುಗ್ಗಿ, ಬದನೆಕಾಯಿ ಎಣಗಾಯಿ ಹೊಟ್ಟೆ ಬಿರಿಯ ಹೊಡೆದು, ಹೆಂಗಸರೆಲ್ಲ ಪಡಸಾಲೆಯ ಜಮಖಾನದ ಮೇಲೆ ಅಡ್ಡಾದೆವು. ಮುಂದಿನದನ್ನು ನಾನು ಕಂಡಿಲ್ಲ. ನಮ್ಮ ಚಿಗವ್ವ ಶರಣವ್ವ ಕಂಡಿದ್ದಾಳೆ, ಮತ್ತು ಇಂದಿಗೂ ಸಿಕ್ಕವರಿಗೆಲ್ಲ ಹೇಳುತ್ತಾಳೆ.

"ಏನ್ ಗೊರಕಿ ಅಂತೀರಿ! ಮಲಗಿದ್ದ ಕೂಸೆಲ್ಲಾ ಎದ್ದು ಅಳಾಕ ಹತ್ತಿದ್ವು. ಹಂಗ ಒಮ್ಮಿಂದೊಮ್ಮೆಲೆ ಬಂದ್ ಆತು. ಪುಣ್ಯಾ ಬಂತಪಾ ಅಂದ್ವಿ. ಆಮ್ಯಾಗ ನೋಡಿದ್ರ ಉಸುರೂ ಬಂದ್!"

ಯಾರೋ ಹೋ ಎಂದು ಅತ್ತರಂತೆ. ಅಡುಗೆಯವನು ಸೌಟು ಹಿಡಿದೇ ಓಡಿ ಬಂದನಂತೆ. ಚಿಗವ್ವ ತಂಬಿಗೆ ನೀರನ್ನು ನನ್ನ ಮುಖಕ್ಕೆ ಸುರಿದಳು. ನಾನು ಕೊರ್ರ್ ಎಂದು ಎದ್ದು ಕೂತು, ಸುತ್ತ ನಿಂತವರನ್ನೆಲ್ಲ ನೋಡಿ, "ಮತ್ತ ಊಟಕ್ಕ ಎಬ್ಬಿಸಿದ್ರೇನ್ರಿ?" ಎಂದು ಕೇಳಿದೆನಂತೆ.

ಅಷ್ಟರಲ್ಲಿ ಗಂಡಸರ ಕಡೆಯಿಂದ ನಮ್ಮ ಮನೆಯವರನ್ನು ಕರೆತಂದಿದ್ದರು. ಅವರು ಗಾಬರಿಯಾಗಬೇಡವೇ? "ದಿನಾ ಹಿಂಗ ಆಗತೈತ್ರಿ. ಸ್ವಲ್ಪ ತಡದ್ರ ತಾನ ಚಾಲೂ ಆಗತಾಳ," ಎಂದುಬಿಟ್ಟರು.

ನಾಲ್ಕು ಮಂದಿಯ ಎದುರು ಮಾನ ಹೋಯಿತು. ಮನೆಗೆ ಬಂದವಳೇ ಜಗಳ ತೆಗೆದೆ. ಅವರು ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. "ಮೊನ್ನೆ ಗಾಡಿ ದಾರಿ ಬಿಟ್ಟು ಹತ್ತಿ ಹೊಲಕ್ಕ ಹೊಕ್ಕಿತ್ತಲ್ಲ, ಆಡು ಅಡ್ಡ ಬಂತಂದಿ. ಆಡು ಬಂದಿತ್ತೋ, ನಿದ್ದಿ ಬಂದಿತ್ತೋ?" ಎಂದರು. ನಾನು ಅವರ ಜೇಬಿಗೆ ಕೈ ಹಾಕಹೋದೆ. "ಡಾಕ್ಟರ್ ಹೂಂ ಅನ್ನೂತನಕ ಕೀಲಿ ನನ್ನ ಕಡೆ ಇರತೈತಿ," ಎಂದರು.

ಕೀಲಿಯ ಆಸೆಗೆ ನಮ್ಮ ಮನೆಯವರ ಜೊತೆ ಗಂಗಾವತಿಯ ಡಾಕ್ಟರರಲ್ಲಿಗೆ ಹೋದೆ. ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಒಂದು ರಾತ್ರಿ ಅಲ್ಲೇ ಮಲಗಿಸಿದರು. ಬೆಳಿಗ್ಗೆ ಡಾಕ್ಟರಮ್ಮ ಉದ್ದನೆಯ ಗೀಟುಗಳನ್ನು ತೋರಿಸಿ, "ನಿದ್ದಿ ಹೆಂಗ ಆತ್ರಿ ಅಕ್ಕೋರ?" ಎಂದರು.

"ಭಾಳ ಛಲೋ ಆತ್ರಿ."

"ನೀವು ನಿದ್ದೀನ ಮಾಡಿಲ್ರಿ," ಎಂದು ನಕ್ಕರು. "ಮಲಗಿದಾಗ ನಿಮ್ಮ ಗಂಟಲ ದಾರಿ ಮುಚ್ಚಿಕೊಳ್ಳತೈತಿ. ಉಸುರು ಬರವಲ್ದು ಅಂತ ಮೆದುಳು ಗಾಬರಿಯಾಗಿ ಎಚ್ಚರ ಆಗತೈತಿ. ಉಸುರು ಬಂದ ಮ್ಯಾಲ ಮತ್ತ ಜೊಂಪು, ಮತ್ತ ಗಾಬರಿ. ರಾತ್ರಿ ಪೂರ್ತಿ ಇದ ಕೆಲಸ. ಆಳದ ನಿದ್ದಿಗೆ ಇಳಿಯಾಕ ಅದಕ್ಕ ಪುರುಸೊತ್ತ ಇಲ್ಲ. ನಿಮಗ ಒಂದೂ ನೆನಪಿರೂದಿಲ್ಲ. ಹಗಲೊತ್ತು ತೂಕಡಿಕಿ, ಮರವು, ಸಿಟ್ಟು ಎಲ್ಲಾ ಅದಕ್ಕ."

ಸಿಟ್ಟಿಗೂ ಅದೇ ಕಾರಣ ಎಂದಾಗ ನಮ್ಮ ಮನೆಯವರು ಮೆಲ್ಲಗೆ ತಲೆಯಾಡಿಸಿದ್ದನ್ನು ನಾನು ಗಮನಿಸಿದೆ. ಆದರೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗಿದ ನನ್ನ ನಿದ್ದೆ ನಿದ್ದೆಯೇ ಅಲ್ಲ ಎಂದರೆ ಹೇಗಾಗಬೇಡ!

ಮೂಗಿಗೆ ಗಾಳಿ ಊದುವ ಒಂದು ಯಂತ್ರ ಕೊಟ್ಟರು. ಅದರ ಕೊಳವೆ ಸಿಕ್ಕಿಸಿಕೊಂಡು ಕನ್ನಡಿ ನೋಡಿದರೆ ಸೊಂಡಿಲೊಂದು ನನಗೆ ಒಪ್ಪುವಂತೆಯೇ ಇತ್ತು. ಒಂದೆರಡು ರಾತ್ರಿ ಕಿತ್ತೆಸೆದೆ, ಕೀಲಿ ನೆನಪಾಗಿ ಮತ್ತೆ ಹಾಕಿಕೊಂಡೆ. ಕೆಲವು ವಾರಗಳಲ್ಲಿ ತಲೆಯೊಳಗೆ ಯಾರೋ ಕಸ ಗುಡಿಸಿದಂತಾಯಿತು. ಹೆಡ್ ಮಾಸ್ತರರ ಮೀಟಿಂಗನ್ನು ಮೊದಲ ಬಾರಿಗೆ ಪೂರ್ತಿ ಕೇಳಿದೆ. ಇಷ್ಟು ವರ್ಷ ನಾನು ಕಳೆದುಕೊಂಡದ್ದು ಏನೂ ಇಲ್ಲವೆಂದು ಖಾತ್ರಿಯಾಯಿತು. ಡಾಕ್ಟರಮ್ಮ ಹೂಂ ಎಂದರು, ಕೀಲಿ ಮೊಳೆಗೆ ಬಂತು.

ಆದರೆ ಬೆಳಗಿನ ಚಹಾ ನಿಂತುಹೋಯಿತು. ಮದುವೆಯಾದಾಗಿನಿಂದ ನಮ್ಮ ಮನೆಯವರೇ ನಸುಕಿನಲ್ಲಿ ಎದ್ದು ಚಹಾ ಮಾಡಿ ನನ್ನನ್ನು ಎಬ್ಬಿಸುತ್ತಿದ್ದರು. ಬೇಗ ಏಳುವುದು ಅವರ ಹುಟ್ಟುಗುಣ ಎಂದು ನಾನು ಗೆಳತಿಯರಿಗೆ ಹೇಳುತ್ತಿದ್ದೆ. ಈಗ ನೋಡಿದರೆ ಬಿಸಿಲು ಕಿಟಕಿಗೆ ಬಂದರೂ ಬಾಯಿ ತೆರೆದು ಮಲಗಿದ್ದಾರೆ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಭುಜ ಹಿಡಿದು ಅಲುಗಾಡಿಸಿದೆ.

"ಮಲಗಾಕ ಬಿಡ," ಎಂದರು, ಕಣ್ಣು ತೆರೆಯದೆ. "ಪ್ರತಿ ಸಲ ನಿನ್ನ ಉಸುರು ನಿಂತಾಗ ಮತ್ತ ಚಾಲೂ ಆಗೂತನಕ ಕಾಯತಿದ್ದೆ. ಬೆಳಗಾಗಿ ಬಿಡತಿತ್ತು. ನಿದ್ದಿ ಹೆಂಗೂ ಇಲ್ಲ, ಚಹಾನಾದ್ರೂ ಮಾಡೂಣು ಅಂತ ಏಳತಿದ್ದೆ."

ಹೊದಿಕೆಯನ್ನು ಅವರ ಕಿವಿಯವರೆಗೂ ಎಳೆದೆ. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಒಳಗೆ ಹೋಗಿ ಶುಂಠಿ ಜಜ್ಜಿ ಎರಡು ಕಪ್ ಚಹಾ ಮಾಡಿ ತಂದು ಪಕ್ಕದಲ್ಲಿ ಕೂತೆ. ಎಬ್ಬಿಸಲು ಮನಸ್ಸಾಗಲಿಲ್ಲ. ಎರಡನ್ನೂ ನಾನೇ ಕುಡಿದೆ. ಅವರು ಮಾಡುವಷ್ಟು ಚೆನ್ನಾಗಿರಲಿಲ್ಲ.